ಅಣ್ಣನ ಋಣ: ಪಳವಣಕರ ಬಾಳೂ ಮತ್ತು ಅವರ ತಮ್ಮಂದಿರು

ಮನುಷ್ಯನು ಹುಟ್ಟುವಾಗಲೇ ಮೂರು ಋಣಗಳನ್ನು ಹೊತ್ತು ಬರುತ್ತಾನೆಂದು ನಮ್ಮ ಶಾಸ್ತ್ರಕಾರರು ಹೇಳಿದ್ದಾರೆ. ದೇವಋಣವನ್ನು ಯಜ್ಞದಿಂದಲೂ, ಋಷಿಋಣವನ್ನು ಅಧ್ಯಯನದಿಂದಲೂ, ಪಿತೃಋಣವನ್ನು ಸಂತಾನದಿಂದಲೂ ತೀರಿಸಬೇಕೆಂಬುದು ವಿಧಿ. ಒಡಹುಟ್ಟಿದ ಅಣ್ಣನಿಗೆ ತಮ್ಮಂದಿರು ಸಲ್ಲಿಸಬೇಕಾದ ಋಣವು ಈ ಎಣಿಕೆಯಲ್ಲಿ ಬೇರೆಯಾಗಿ ಸೇರಿಲ್ಲ. ಹಿರಿಯಣ್ಣನು ತಂದೆಗೆ ಸಮನೆಂಬ ಮಾತು ರೂಢಿಯಲ್ಲಿರುವುದರಿಂದ, ಅದು ಪಿತೃಋಣದಲ್ಲಿಯೇ ಅಡಗಿದೆಯೆಂದು ಹಿರಿಯರು ಭಾವಿಸಿರಬಹುದು. ಅದು ಹೇಗೇ ಇರಲಿ. ಈ ಋಣವನ್ನು ಸಹಸ್ರಾರು ಜನರು ನೋಡುತ್ತಿರುವಂತೆ ಆಟದ ಬಯಲಿನಲ್ಲಿಯೇ ತೀರಿಸಿದ ಒಂದು ಕುಟುಂಬದ ವೃತ್ತಾಂತವನ್ನು ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ. ಆ ಕುಟುಂಬದ ಹಿರಿಯ ಮಗನು ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ಹೀಗಿದ್ದರೂ ಆತನ ಹೆಸರು ನಮ್ಮ ಮನೆಗಳಲ್ಲಿ ಕೇಳಿಬರುವುದು ಅಪರೂಪ.

ಈಗ ನಮ್ಮ ಚಿತ್ರದುರ್ಗದಲ್ಲಿ ಕ್ರಿಕೆಟ್ಟನ್ನು ಅರಿಯದ ಬಾಲಕನಿಲ್ಲ. ಮದಕರಿಪುರದಂತಹ ಬಡಾವಣೆಯ ಖಾಲಿ ನಿವೇಶನಗಳಲ್ಲಿಯೂ ಸಂಜೆಯಾಯಿತೆಂದರೆ ಮೂರು ಕೋಲು ನೆಟ್ಟು ಆಟ ಹೂಡುತ್ತಾರೆ. ಚಿಣ್ಣಿದಾಂಡು ಬುಗುರಿಗಳು ಹಿಂದಕ್ಕೆ ಸರಿದು ಎಷ್ಟೋ ಕಾಲವಾಯಿತು. ಈ ಮಕ್ಕಳನ್ನು ಕೇಳಿದರೆ ಇಂದಿನ ಆಟಗಾರರ ಹೆಸರುಗಳನ್ನು ಅಮರಕೋಶದ ಪಾಠದಂತೆ ತಡವರಿಸದೆ ಒಪ್ಪಿಸುತ್ತಾರೆ. ಜಾಮನಗರದ ರಣಜಿತಸಿಂಹರ ಹೆಸರಂತೂ 1934ರಲ್ಲಿ ಆರಂಭವಾದ ಪಂದ್ಯಾವಳಿಯಿಂದ ಎಲ್ಲರ ಬಾಯಲ್ಲಿಯೂ ನಿಂತಿದೆ. ಆ ರಾಜಪುತ್ರರು ಆಡಿದುದು ಇಂಗ್ಲೆಂಡಿನ ಪಕ್ಷದಲ್ಲಿ. ಭಾರತದ ನೆಲದಲ್ಲಿಯೇ ಆಡಿ ಬೆಳೆದು ಭಾರತಕ್ಕಾಗಿ ಚೆಂಡು ಹಾಕಿದ ಮೊದಲ ಮಹಾ ಬೌಲರು ಯಾರೆಂದು ಕೇಳಿದರೆ ಮಾತ್ರ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. ಅವರೇ ಪಳವಣಕರ ಬಾಳೂ.

ಬಾಳೂ ಅವರು 1875-76ರ ಸುಮಾರಿನಲ್ಲಿ ಧಾರವಾಡದಲ್ಲಿ ಜನಿಸಿದರು. ಆಗ ಧಾರವಾಡವು ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಮನೆತನದ ಮೂಲವು ಕೊಂಕಣದ ಪಳವಣಿಯೆಂಬ ಗ್ರಾಮ. ಅಡ್ಡಹೆಸರು ಅಲ್ಲಿಂದಲೇ ಬಂದಿತು. ಕುಲದಿಂದ ಅವರು ಚಾಂಭಾರರು. ಎಂದರೆ ನಮ್ಮ ಸೀಮೆಯಲ್ಲಿ ಸಮಗಾರರೆಂದು ಕರೆಯುವ, ತೊಗಲಿನ ಕಸುಬಿನ ಸಮುದಾಯದವರು. ತಂದೆಯು ಸೈನ್ಯದ ಚಾಕರಿಯಲ್ಲಿದ್ದುದರಿಂದ ಸಂಸಾರವು ಪುಣೆಗೆ ಹೋಗಿ ನೆಲೆಸಿತು. ದಂಡಿನ ಅಧಿಕಾರಿಗಳು ಆಡಿ ಬಿಸುಟ ದಾಂಡು ಚೆಂಡುಗಳೇ ಬಾಳೂ ಮತ್ತು ಅವರ ತಮ್ಮ ಶಿವರಾಮ ಇಬ್ಬರಿಗೂ ಮೊದಲ ಆಟಿಕೆಗಳಾದವು. ಅವರ ಬೆನ್ನಿಗೆ ಗಣಪತ, ವಿಠ್ಠಲ ಎಂಬ ಇನ್ನಿಬ್ಬರು ತಮ್ಮಂದಿರು. ನಾಲ್ವರೂ ಮುಂದೆ ಕ್ರಿಕೆಟ್ ಆಟಗಾರರೇ ಆದರು. ಗಣಪತರು ಅಲ್ಪಾಯುಗಳಾಗಿ ತೀರಿಕೊಂಡರು. ಉಳಿದ ಮೂವರ ಹೆಸರು ದೇಶದಲ್ಲಿ ಹಬ್ಬಿತು.

ಹಬ್ಬಿದ ಬಗೆಯನ್ನು ಕೇಳಬೇಕು. ಬಾಳೂ ಅವರಿಗೆ ಮೊದಲು ದೊರೆತ ಉದ್ಯೋಗವೆಂದರೆ ಪುಣೆಯಲ್ಲಿ ಪಾರಸಿಗಳು ನಡೆಸುತ್ತಿದ್ದ ಒಂದು ಕ್ರಿಕೆಟ್ ಕ್ಲಬ್ಬಿನಲ್ಲಿ ಮೈದಾನ ಗುಡಿಸಿ, ಉರುಳುಗಲ್ಲು ಎಳೆದು ನೆಲವನ್ನು ಸಮ ಮಾಡುವುದು. ತಿಂಗಳಿಗೆ 3 ರೂಪಾಯಿ ಸಂಬಳ. 1892ರ ಹೊತ್ತಿಗೆ ಐರೋಪ್ಯರ ಪೂನಾ ಕ್ಲಬ್ಬಿಗೆ ಸೇರಿದರು. ಸಂಬಳ 4 ರೂಪಾಯಿಯಾಯಿತು. ನೆಲ ಗೆರೆ ಹಾಕುವುದು, ಬಲೆ ಕಟ್ಟುವುದು, ಬಳಿಕ ಸಾಹೇಬರು ಅಭ್ಯಾಸ ಮಾಡುವಾಗ ಅವರಿಗೆ ಗಂಟೆಗಟ್ಟಲೆ ಚೆಂಡು ಹಾಕುವುದು ಅವರ ಕೆಲಸ. ಆ ಕಾಲದ ಪುಣೆಯಲ್ಲಿ ಗ್ರೇಗ್ ಎಂಬ ಸೇನಾಧಿಕಾರಿಯು ಅತ್ಯಂತ ನಿಪುಣ ದಾಂಡಿಗನಾಗಿದ್ದನು. ತನ್ನನ್ನು ಔಟು ಮಾಡಿದ ಪ್ರತಿಯೊಂದು ಸಲವೂ ಬಾಳೂ ಅವರಿಗೆ ಆತನು ಎಂಟಾಣೆ ಕೊಡುತ್ತಿದ್ದನೆಂದು ಹೇಳುವರು. ಎಡಗೈಯಿಂದ ನಿಧಾನವಾಗಿ ಹಾಕಿದ ಚೆಂಡನ್ನು ನೆಲಕ್ಕೆ ತಾಗಿದೊಡನೆ ಇತ್ತ ಅತ್ತ ತಿರುಗಿಸುವ ವಿದ್ಯೆಯು ಅವರಿಗೆ ಹೀಗೆ ಕೂಲಿಯ ದುಡಿಮೆಯಲ್ಲಿಯೇ ಕರಗತವಾಯಿತು. ಚೆಂಡು ಹಾಕಲು ಅವರು ಬೇಕಾಗಿದ್ದರು; ದಾಂಡು ಹಿಡಿಯುವ ಅವಕಾಶವನ್ನು ಮಾತ್ರ ಅಲ್ಲಿ ಯಾರೂ ಕೊಡಲಿಲ್ಲ. ದಾಂಡು ಹಿಡಿಯುವುದು ದೊಡ್ಡವರ ಹಕ್ಕೆಂಬುದು ಅಂದಿನ ನಡೆ.

ಈ ಹುಡುಗನ ಕೈಚಳಕವು ಪುಣೆಯ ಹಿಂದೂ ಕ್ಲಬ್ಬಿನವರ ಕಿವಿಗೂ ಬಿದ್ದಿತು. ಸಾಹೇಬರನ್ನು ಸೋಲಿಸಬೇಕಾದರೆ ಬಾಳೂ ಬೇಕು. ಸೇರಿಸಿಕೊಂಡರೆ ಮಡಿಮೈಲಿಗೆಯ ಪ್ರಶ್ನೆ. ವಾದವಿವಾದಗಳಾದ ತರುವಾಯ ಸೇರಿಸಿಕೊಂಡರು. ಮೈದಾನದಲ್ಲಿ ಎಲ್ಲರೂ ಅದೇ ಚೆಂಡನ್ನು ಮುಟ್ಟುತ್ತಿದ್ದರು. ವಿರಾಮದ ವೇಳೆಯಲ್ಲಿ ಮಿಕ್ಕವರು ಒಳಗೆ ಪಿಂಗಾಣಿ ಬಟ್ಟಲಿನಲ್ಲಿ ಚಹಾ ಕುಡಿದರೆ, ಬಾಳೂ ಅವರಿಗೆ ಹೊರಗೆ ಮಣ್ಣಿನ ಕುಡಿಕೆ. ಕುಡಿದ ಮೇಲೆ ಬಿಸುಡತಕ್ಕದ್ದು. ಊಟದ ತಟ್ಟೆಯೂ ಬೇರೆ. ಚೆಂಡಿನ ಹೊದಿಕೆಯು ತೊಗಲು. ಆ ತೊಗಲನ್ನು ಮುಟ್ಟುವುದಕ್ಕೆ ಯಾರಿಗೂ ಸಂಕೋಚವಿರಲಿಲ್ಲ. ತೊಗಲನ್ನು ಹದಮಾಡುವ ಕುಲದವರ ಕೈಯಿಂದ ನೀರು ಕುಡಿಯುವುದಕ್ಕೆ ಮಾತ್ರ ಸಂಕೋಚವಿದ್ದಿತು. ಧರ್ಮಶಾಸ್ತ್ರದ ಗ್ರಂಥಗಳನ್ನು ಒಂದಿಷ್ಟು ತಿರುವಿಹಾಕಿದವನು ನಾನು. ಈ ನಡತೆಯನ್ನು ಯಾವ ತರ್ಕದಿಂದ ಸಮರ್ಥಿಸಬೇಕೆಂದು ನನಗೆ ಈವರೆಗೂ ತಿಳಿದಿಲ್ಲ. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರಂತಹ ವಿವೇಕಿಗಳು ಆ ಕಾಲದಲ್ಲಿಯೇ ಸಾರ್ವಜನಿಕ ಸಭೆಯಲ್ಲಿ ಬಾಳೂ ಅವರಿಗೆ ಹಾರ ಹಾಕಿ ಗೌರವಿಸಿದರೆಂಬುದೊಂದೇ ಸಮಾಧಾನ.

1896ರಲ್ಲಿ ಪ್ಲೇಗು ಮೊದಲಾಗಿ ಊರುಗಳು ತಲ್ಲಣಿಸಿದ ಕಾಲದಲ್ಲಿ ಬಾಳೂ ಅವರು ಮುಂಬಯಿಗೆ ಹೋದರು. ರೈಲ್ವೆಯಲ್ಲಿ ನೌಕರಿ, ಹಿಂದೂ ಜಿಮಖಾನದಲ್ಲಿ ಆಟ. ಅಲ್ಲಿ ತಮ್ಮಂದಿರಿಗೂ ದಾರಿ ತೆರೆಯಿತು. 1906ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಹಿಂದೂಗಳ ಪಕ್ಷವು ಐರೋಪ್ಯರನ್ನು 109 ರನ್ನುಗಳಿಂದ ಸೋಲಿಸಿತು. ಬಾಳೂ ಅವರ ಚೆಂಡುಗಳೇ ಆ ವಿಜಯಕ್ಕೆ ಮುಖ್ಯ ಕಾರಣ. ಶಿವರಾಮರೂ ಅದೇ ಪಕ್ಷದಲ್ಲಿದ್ದರು. ವಂಗಭಂಗದ ಚಳವಳಿಯು ದೇಶವನ್ನು ಕದಲಿಸುತ್ತಿದ್ದ ದಿನಗಳವು. ಆದುದರಿಂದ ಆ ಗೆಲವನ್ನು ಜನರು ಬರಿಯ ಆಟದ ಗೆಲವೆಂದು ಎಣಿಸಲಿಲ್ಲ. ಪತ್ರಿಕೆಗಳು ಅದನ್ನು ಕೊಂಡಾಡಿದವು. ಅಸ್ಪೃಶ್ಯರೆನಿಸಿದ ಸೋದರರನ್ನು ಪಕ್ಷಕ್ಕೆ ಸೇರಿಸಿಕೊಂಡುದು ಗೆಲವಿಗಿಂತಲೂ ಮಿಗಿಲಾದ ಸಂಗತಿಯೆಂದು ಸುಧಾರಕರು ಬರೆದರು.

1911ರಲ್ಲಿ ಪಟಿಯಾಲದ ಮಹಾರಾಜ ಭೂಪೇಂದ್ರಸಿಂಹರ ನಾಯಕತ್ವದಲ್ಲಿ ಅಖಿಲ ಭಾರತ ಪಕ್ಷವು ಮೊದಲ ಬಾರಿಗೆ ಇಂಗ್ಲೆಂಡಿಗೆ ತೆರಳಿತು. ಅಣ್ಣತಮ್ಮಂದಿರಿಬ್ಬರೂ ಹಡಗು ಹತ್ತಿದರು. ಪಕ್ಷವು ಗೆದ್ದುದಕ್ಕಿಂತ ಸೋತುದೇ ಹೆಚ್ಚು. ಆ ಸೋಲುಗಳ ನಡುವೆಯೂ, ಭುಜದ ನೋವನ್ನು ಸಹಿಸಿಕೊಂಡು, ಬಾಳೂ ಅವರು ಪ್ರವಾಸದಲ್ಲಿ ಒಟ್ಟು 114 ವಿಕೆಟ್ಟುಗಳನ್ನು ಕಿತ್ತರು. ಒಂದೊಂದಕ್ಕೆ ಕೊಟ್ಟ ರನ್ನು ಸರಾಸರಿ 19ಕ್ಕೂ ಕಡಿಮೆ. ಸಾಮರ್ಸೆಟ್ ಪ್ರಾಂತದ ವಿರುದ್ಧ ಒಂದೇ ವಿಕೆಟ್ಟಿನ ಅಂತರದಿಂದ ಲಭಿಸಿದ ಜಯದಲ್ಲಿ ಶಿವರಾಮರು ಶತಕ ಬಾರಿಸಿ ಕೊನೆಯವರೆಗೆ ನಿಂತರು. ಹಿಂದಿರುಗಿದಾಗ ಮುಂಬಯಿಯಲ್ಲಿ ಹಿಂದುಳಿದ ವರ್ಗಗಳ ಜನರು ಬಾಳೂ ಅವರಿಗೆ ಮಾನಪತ್ರ ಅರ್ಪಿಸಿದರು. ಆ ಸಮಾರಂಭದ ಹಿಂದೆ ದುಡಿದ ತರುಣರಲ್ಲಿ ಒಬ್ಬರು ಆಗಿನ್ನೂ ಕಾಲೇಜು ವಿದ್ಯಾರ್ಥಿಯಾಗಿದ್ದ ಭೀಮರಾವ್ ಅಂಬೇಡ್ಕರರು.

ಇಷ್ಟೆಲ್ಲ ಆದ ಮೇಲೆ ಹಿಂದೂ ಪಕ್ಷದ ನಾಯಕತ್ವವು ಬಾಳೂ ಅವರಿಗೆ ಸಲ್ಲಬೇಕಾದುದು ನ್ಯಾಯವಾಗಿದ್ದಿತು. ವಯಸ್ಸಿನಲ್ಲಿ ಹಿರಿಯರು, ಅನುಭವದಲ್ಲಿ ಹಿರಿಯರು, ಸಾಧನೆಯಲ್ಲಂತೂ ಸರಿಸಾಟಿಯಿಲ್ಲ. ಆದರೂ ವರ್ಷ ವರ್ಷವೂ ಆ ಗೌರವವು ಮೇಲ್ಜಾತಿಯ ಆಟಗಾರರಿಗೇ ಹೋಗುತ್ತಿದ್ದಿತು. 1913ರಲ್ಲಿ ನಾಯಕರಾದ ಪೈ ಎಂಬವರು ತಮ್ಮ ಸನ್ಮಾನಸಭೆಯಲ್ಲಿಯೇ, ಈ ಪದವಿಯು ತಮಗಿಂತ ಹಿರಿಯರಾದ ತಮ್ಮ ಮಿತ್ರ ಬಾಳೂ ಅವರಿಗೆ ಸಲ್ಲಬೇಕಾಗಿದ್ದಿತೆಂದು ಬಾಯಿಬಿಟ್ಟು ಹೇಳಿದರು. ಸಿಂಹಾಸನವು ಅಣ್ಣನದೆಂದು ನಂಬಿದ್ದ ಭರತನ ಸರಳತೆಯು ಆ ಮಾತಿನಲ್ಲಿ ಕಾಣುತ್ತದೆ. ಭರತನಾದರೋ ಪಾದುಕೆಯನ್ನಾದರೂ ತಂದು ಪೀಠದ ಮೇಲಿಟ್ಟನು. ಇಲ್ಲಿ ಮಾತು ಮಾತಾಗಿಯೇ ಉಳಿಯಿತು. ಬಾಳೂ ಅವರು ದೂರಲಿಲ್ಲ. ಪ್ರತಿ ವರ್ಷವೂ ಬಂದರು, ಚೆಂಡು ಹಾಕಿದರು, ವಿಕೆಟ್ಟು ಕಿತ್ತರು, ಹೋದರು.

1920ರಲ್ಲಿ ಅವರನ್ನು ಪಕ್ಷದಿಂದಲೇ ಬಿಟ್ಟರು. ಅದೇ ಸಮಯಕ್ಕೆ ಪೈ ಅವರು ಅಸ್ವಸ್ಥರಾಗಲು, ನಾಯಕತ್ವವು ಸೇವೆಯಲ್ಲಿ ಕಿರಿಯರಾದ ದೇವಧರರಿಗೆ ಹೋಯಿತು. ಇಲ್ಲಿ ತಮ್ಮಂದಿರ ಪಾತ್ರವು ಮೊದಲಾಗುತ್ತದೆ. ಶಿವರಾಮರೂ ವಿಠ್ಠಲರೂ ಪಕ್ಷದಲ್ಲಿ ಆಯ್ಕೆಯಾಗಿದ್ದರು. ವಿಠ್ಠಲರಂತೂ ಕಣ್ಣು ತುಂಬುವಂತೆ ದಾಂಡು ಬೀಸುವವರೆಂದು ಖ್ಯಾತರಾಗಿದ್ದರು. ಸುಮ್ಮನಿದ್ದರೆ ಅವರ ಸ್ಥಾನಕ್ಕೆ ಯಾವ ಭಂಗವೂ ಇರಲಿಲ್ಲ. ಅವರು ಸುಮ್ಮನಿರಲಿಲ್ಲ. ಹಿರಿತನವನ್ನು ಕಡೆಗಣಿಸಿ ಹುಟ್ಟನ್ನು ಎಣಿಸುವ ಪಕ್ಷದಲ್ಲಿ ತಾವು ಆಡುವುದಿಲ್ಲವೆಂದು ಬಹಿರಂಗವಾಗಿ ಪ್ರಕಟಿಸಿ ಹಿಂದೆ ಸರಿದರು.

ಇದರ ಬೆಲೆಯನ್ನು ಗೃಹಸ್ಥರಾದ ವಾಚಕರು ಊಹಿಸಿಕೊಳ್ಳಬಲ್ಲರು. ಅಂದಿನ ದಿನಗಳಲ್ಲಿ ಆ ವಾರ್ಷಿಕ ಪಂದ್ಯಗಳೇ ಭಾರತದ ಆಟಗಾರನಿಗೆ ದೊರೆಯುತ್ತಿದ್ದ ಅತ್ಯುನ್ನತ ವೇದಿಕೆ. ಹಿಂದೂ, ಮುಸಲ್ಮಾನ, ಪಾರಸಿ, ಐರೋಪ್ಯ ಎಂದು ನಾಲ್ಕು ಪಕ್ಷಗಳು ಅಲ್ಲಿ ಸೆಣಸುತ್ತಿದ್ದವು. ಒಮ್ಮೆ ಕೈಬಿಟ್ಟ ಸ್ಥಾನವು ಮತ್ತೆ ಸಿಕ್ಕೀತೆಂಬ ಭರವಸೆಯಿಲ್ಲ. ಇಂತಹ ಸಮಯದಲ್ಲಿ ಒಬ್ಬನ ಅಪಮಾನವನ್ನು ಮೂವರೂ ತಮ್ಮದೆಂದು ಸ್ವೀಕರಿಸಿದರು. ನಗರದಲ್ಲಿ ಕೋಲಾಹಲವಾಯಿತು, ಪತ್ರಿಕೆಗಳಿಗೆ ಪತ್ರಗಳು ಹರಿದುಬಂದವು. ಆಯ್ಕೆಸಮಿತಿಯು ಮಣಿಯಲೇಬೇಕಾಯಿತು. ಪಾರಸಿಗಳ ವಿರುದ್ಧದ ಅಂತಿಮ ಪಂದ್ಯಕ್ಕೆ ಗುಣಹೊಂದಿದ ಪೈ ಅವರು ನಾಯಕರಾಗಿ ಹಿಂದಿರುಗಿದರು; ಬಾಳೂ ಅವರನ್ನು ಕರೆತಂದು ಉಪನಾಯಕರನ್ನಾಗಿ ಮಾಡಿದರು; ತಮ್ಮಂದಿರೂ ಮರಳಿದರು. ಪಂದ್ಯದ ನಡುವೆ ಪೈ ಅವರು ಮೈದಾನದಿಂದ ಹೊರಗೆ ನಿಂತು, ಬಾಳೂ ಅವರು ಪಕ್ಷವನ್ನು ನಡೆಸುವಂತೆ ಅನುವು ಮಾಡಿಕೊಟ್ಟರು. ಏಳು ವರ್ಷಗಳ ಹಿಂದೆ ಆಡಿದ ಮಾತನ್ನು ಅವರು ಈ ರೀತಿ ಸಲ್ಲಿಸಿದರು. ಬಾಳೂ ಅವರ ಪಾಲಿಗೆ ಬಂದ ನಾಯಕತ್ವವು ಆ ಕೆಲವು ತಾಸುಗಳದಷ್ಟೇ. ಆಗ ಅವರಿಗೆ ನಲವತ್ತು ದಾಟಿ ವರ್ಷಗಳಾಗಿದ್ದವು.

ಮೂರು ವರ್ಷಗಳ ತರುವಾಯ, 1923ರಲ್ಲಿ, ಕಿರಿಯ ತಮ್ಮ ವಿಠ್ಠಲರು ಹಿಂದೂ ಪಕ್ಷದ ಪೂರ್ಣ ನಾಯಕರಾಗಿ ನೇಮಕಗೊಂಡರು. ಆ ವರ್ಷ ಅವರ ಪಕ್ಷವು ಐರೋಪ್ಯರನ್ನು ಸೋಲಿಸಿ ಪಂದ್ಯಾವಳಿಯನ್ನು ಗೆದ್ದಿತು. ಗೆದ್ದ ನಾಯಕನನ್ನು ಮೇಲ್ಜಾತಿಯ ಹಿಂದೂಗಳೇ ಹೆಗಲ ಮೇಲೆ ಹೊತ್ತು ಮೆರೆಸಿದರು. ಅಣ್ಣನ ಕೈಗೆ ಮಣ್ಣಿನ ಕುಡಿಕೆ ಕೊಟ್ಟ ಸಮಾಜವು ತಮ್ಮನಿಗೆ ಹೆಗಲು ಕೊಟ್ಟಿತು. ಇವೆರಡರ ನಡುವಿನ ಅಂತರ ಮೂವತ್ತು ವರ್ಷಗಳೂ ಇಲ್ಲ. ಆದರೆ ಆ ದಾರಿಯನ್ನು ಸವೆಸಿದವರು ಅಣ್ಣ. ವಿಠ್ಠಲರು ಮರಾಠಿಯಲ್ಲಿ ಬರೆದ ‘ಮಾಝೇ ಕ್ರೀಡಾ-ಜೀವನ’ ಎಂಬ ಆತ್ಮಕಥೆಯು 1948ರಲ್ಲಿ ಪ್ರಕಟವಾಯಿತು. ಈ ಮನೆತನದ ವೃತ್ತಾಂತವು ಇಂದಿಗೂ ನಮಗೆ ಸಿಕ್ಕುವುದರಲ್ಲಿ ಆ ಗ್ರಂಥದ ಉಪಕಾರವು ದೊಡ್ಡದು.

ಬಾಳೂ ಅವರ ಮುಂದಿನ ಜೀವನವು ರಾಜಕಾರಣಕ್ಕೂ ತಾಗಿತು. 1932ರ ಪುಣೆ ಒಪ್ಪಂದದ ಮಾತುಕತೆಗಳಲ್ಲಿ ಅವರು ಪಾಲುಗೊಂಡರು. 1937ರ ಮುಂಬಯಿ ಶಾಸನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ಸು ಅವರನ್ನು ಡಾಕ್ಟರ್ ಅಂಬೇಡ್ಕರರ ವಿರುದ್ಧ ನಿಲ್ಲಿಸಿತು. ಒಂದು ಕಾಲದಲ್ಲಿ ಮಾನಪತ್ರ ಕೊಟ್ಟ ತರುಣನೂ ಅದನ್ನು ಸ್ವೀಕರಿಸಿದ ವೀರನೂ ಎದುರುಬದುರಾದರು. ಅಂಬೇಡ್ಕರರಿಗೆ 13,245 ಮತಗಳು, ಬಾಳೂ ಅವರಿಗೆ 11,225. ಸೋಲು ದೊಡ್ಡದಾಗಿರಲಿಲ್ಲ. ಇಬ್ಬರ ಮಾರ್ಗಗಳು ಬೇರೆಯಾದರೂ ನೋವು ಒಂದೇ ಆಗಿದ್ದಿತು. ಬಾಳೂ ಅವರು 1955ರ ಜುಲೈ ತಿಂಗಳಲ್ಲಿ ಮುಂಬಯಿಯಲ್ಲಿ ಕಾಲವಾದರು. ಅವರು ಹುಟ್ಟಿದ ಧಾರವಾಡವು ಕನ್ನಡನಾಡಿನೊಡನೆ ಒಂದಾದುದು ಮರುವರ್ಷ, 1956ರಲ್ಲಿ.

ಇದೇ ಬಗೆಯ ಇನ್ನೊಂದು ಕುಟುಂಬವು ಅಮೆರಿಕ ದೇಶದಲ್ಲಿಯೂ ಇದ್ದಿತು. ಅಲ್ಲಿ ಬೇಸ್‌ಬಾಲ್ ಎಂಬ ಆಟಕ್ಕೆ ನಮ್ಮ ಕ್ರಿಕೆಟ್ಟಿನಷ್ಟೇ ಮರ್ಯಾದೆ. ದುಂಡು ದೊಣ್ಣೆಯಿಂದ ಚೆಂಡನ್ನು ಹೊಡೆದು ಚೌಕದ ನಾಲ್ಕು ಮೂಲೆಗಳನ್ನು ಓಡಿ ಬರುವ ಆಟವದು. ದೊಡ್ಡ ಪಂದ್ಯಗಳಲ್ಲಿ ಕರಿಯರಿಗೆ ಬಹುಕಾಲ ಪ್ರವೇಶವಿರಲಿಲ್ಲ. 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ಪಕ್ಷದಲ್ಲಿ ಆಡಿ ಆ ಬೇಲಿಯನ್ನು ಮುರಿದವರು ಜಾಕಿ ರಾಬಿನ್ಸನ್. ಅವರ ಹೆಸರನ್ನು ಲೋಕವೆಲ್ಲ ಬಲ್ಲದು. ಅವರ ಅಣ್ಣ ಮ್ಯಾಕ್ ರಾಬಿನ್ಸನ್ನರನ್ನು ಬಲ್ಲವರು ಕಡಿಮೆ. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ 200 ಮೀಟರ್ ಓಟದಲ್ಲಿ ಜಗದ್ವಿಖ್ಯಾತ ಜೆಸ್ಸಿ ಓವೆನ್ಸರ ಬೆನ್ನಿಗೇ ಓಡಿ ಎರಡನೆಯವರಾಗಿ ಬೆಳ್ಳಿಯ ಪದಕ ಗಳಿಸಿದವರು ಅವರು. ಊರಾದ ಪ್ಯಾಸಡೀನಾಕ್ಕೆ ಮರಳಿದಾಗ ಅವರಿಗೆ ಒದಗಿದ ಕೆಲಸವು ಬೀದಿ ಗುಡಿಸುವುದು. ಒಲಿಂಪಿಕ್ಸಿನ ಮೇಲಂಗಿಯನ್ನು ತೊಟ್ಟೇ ಅವರು ಗುಡಿಸುತ್ತಿದ್ದರೆಂದು ಹೇಳುತ್ತಾರೆ. ಅಲ್ಲಿ ಮ್ಯಾಕ್ ಅವರ ಕೈಯಲ್ಲಿಯೂ ಇಲ್ಲಿ ಬಾಳೂ ಅವರ ಕೈಯಲ್ಲಿಯೂ ಇದ್ದುದು ಪೊರಕೆಯೇ. 1997ರಲ್ಲಿ ಪ್ಯಾಸಡೀನಾ ನಗರವು ಸೋದರರಿಬ್ಬರ ಬೃಹತ್ ಕಂಚಿನ ಶಿರಗಳನ್ನು ನಗರಸಭೆಯ ಕಟ್ಟಡದ ಎದುರಿಗೆ ಸ್ಥಾಪಿಸಿತು. ಜಾಕಿಯ ಮುಖವು ಬ್ರೂಕ್ಲಿನ್ನಿನ ದಿಕ್ಕಿಗಿದೆ. ಮ್ಯಾಕ್ ಅವರ ಮುಖವು ಬೀದಿ ಗುಡಿಸಲು ಹಚ್ಚಿದ ಅದೇ ನಗರಸಭೆಯತ್ತ ತಿರುಗಿದೆ. ಆಗ ಮ್ಯಾಕ್ ಅವರು ಬದುಕಿದ್ದರು, 2000ದಲ್ಲಿ ತೀರಿಕೊಂಡರು. ತಡವಾದರೂ ಆ ಊರು ಅಣ್ಣನನ್ನು ಬಿಟ್ಟು ತಮ್ಮನನ್ನು ಮಾತ್ರ ನೆನೆಯಲಿಲ್ಲ.

ನಮ್ಮ ದುರ್ಗದವರು ಈ ವಿಷಯದಲ್ಲಿ ಕೃತಘ್ನರೆಂದು ಯಾರೂ ಹೇಳಲಾರರು. ಹೈದರಾಲಿಯ ದಂಡು ಕೋಟೆಯ ಕಿಂಡಿಯಲ್ಲಿ ನುಸುಳಿದಾಗ ಒನಕೆ ಹಿಡಿದು ನಿಂತ ಓಬವ್ವೆಯು ಕಹಳೆಯ ಮುದ್ದಹನುಮನೆಂಬ ಕಾವಲುಗಾರನ ಹೆಂಡತಿ, ಛಲವಾದಿ ಕುಲದವಳು. ಅಂದಿನ ಪಾಳೆಯಗಾರರಾದ ಮದಕರಿನಾಯಕರ ಹೆಸರು ಊರುಕೇರಿಗಳಿಗೆ ಉಳಿದಂತೆ ಆಕೆಯ ಹೆಸರು ನಮ್ಮ ಜಿಲ್ಲಾ ಕ್ರೀಡಾಂಗಣಕ್ಕೆ ಉಳಿದಿದೆ. ಯಾರ ಕೈಯ ನೀರನ್ನು ಊರು ಮುಟ್ಟುತ್ತಿರಲಿಲ್ಲವೋ ಅವರ ಕೈಯ ಒನಕೆಯೇ ಊರನ್ನು ಕಾಯಿತು. ಆ ಕ್ರೀಡಾಂಗಣದಲ್ಲಿ ಆಡುವ ಮಕ್ಕಳಿಗೆ ಓಬವ್ವೆಯ ಕಥೆಯೊಡನೆ ಬಾಳೂ ಅವರ ಕಥೆಯನ್ನೂ ಹೇಳಿದರೆ ಎರಡೂ ಒಂದಕ್ಕೊಂದು ಒಪ್ಪುತ್ತವೆ.

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಉಪಾಧ್ಯಾಯನಾಗಿದ್ದ ನನಗೆ ಈ ವೃತ್ತಾಂತದಲ್ಲಿ ಆಟಕ್ಕಿಂತ ಮನೆಯೇ ಹೆಚ್ಚಾಗಿ ಕಾಣುತ್ತದೆ. ನಮ್ಮ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹಳ್ಳಿಗಳಲ್ಲಿ ಮಳೆ ತಪ್ಪಿದ ವರ್ಷ ಹಾಜರಿ ಪುಸ್ತಕದಿಂದ ಮೊದಲು ಮರೆಯಾಗುವ ಹೆಸರು ಸಾಮಾನ್ಯವಾಗಿ ಹಿರಿಯ ಮಗನದು. ಆತನು ಶೇಂಗಾ ಬಿಡಿಸುವುದಕ್ಕೋ, ದಾವಣಗೆರೆಯ ಅಂಗಡಿಗೋ ಹೋಗುತ್ತಾನೆ. ಆ ದುಡಿಮೆಯಲ್ಲಿ ತಮ್ಮನು ಓದುತ್ತಾನೆ, ತಂಗಿಯ ಮದುವೆಯಾಗುತ್ತದೆ. ತಮ್ಮನು ಪಟ್ಟಣ ಸೇರಿ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದ ದಿನ, ಅಣ್ಣನು ಚಪ್ಪರದ ಕಂಬದ ಬಳಿ ನಿಂತು ಬಂದವರಿಗೆ ನೀರು ಕೊಡುತ್ತಿರುತ್ತಾನೆ. ಆತನನ್ನು ಅತಿಥಿಗಳಿಗೆ ಪರಿಚಯ ಮಾಡಿಕೊಡಬೇಕೆಂಬ ನೆನಪು ಎಷ್ಟು ಮಂದಿಗೆ ಇರುತ್ತದೆ? ಇದ್ದವರ ಮನೆ ಬೆಳಗುತ್ತದೆ. ಶಿವರಾಮ ವಿಠ್ಠಲರು ಮಾಡಿದ್ದಾದರೂ ಇಷ್ಟೇ: ತಾವು ನಿಂತ ಎತ್ತರದಿಂದ ಕೆಳಗಿಳಿದು ಬಂದು, ಇವರು ನಮ್ಮ ಅಣ್ಣನೆಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಹಬ್ಬಹುಣ್ಣಿಮೆಗಳಲ್ಲಿ ನಾವು ಹಿರಿಯರ ಹೆಸರು ಹಿಡಿದು ಎಡೆಯಿಡುತ್ತೇವೆ. ಮೂರು ತಲೆಮಾರಿನ ಹೆಸರುಗಳನ್ನು ಗೋತ್ರದೊಡನೆ ಹೇಳುವವರುಂಟು. ಆ ಸಮಯದಲ್ಲಿ ಮಕ್ಕಳನ್ನು ಬಳಿಗೆ ಕರೆದು, ನಮ್ಮ ಮನೆಯಲ್ಲಿ ಯಾರು ಓದು ಬಿಟ್ಟುದರಿಂದ ಯಾರು ಓದಿದರು, ಯಾರ ಕೂಲಿಯಿಂದ ಯಾರಿಗೆ ಅನ್ನ ದೊರೆಯಿತು ಎಂಬುದನ್ನೂ ಹೇಳಬೇಕೆಂದು ವಾಚಕರಲ್ಲಿ ನನ್ನ ವಿಜ್ಞಾಪನೆ. ಸಂಬಂಧಪಟ್ಟ ಅಣ್ಣನು ಬದುಕಿದ್ದರೆ ಎಡೆಯ ವರೆಗೆ ಕಾಯಬಾರದು. ಪಂಕ್ತಿಯಲ್ಲಿ ಆತನ ಎಲೆಯನ್ನು ಮೊದಲು ಹಾಕಿಸಬೇಕು.